ಕಿಟಕಿ ಬದಿಯ ಗೋಡೆ

೧೪ ಜನವರಿ ೧೯೬೯

ಮಾರಿಬೋ ಪಟ್ಟಣದಿಂದ ಬಸ್ಸಿನಲ್ಲಿ ನಾನೊಬ್ಬಳೇ ಇದ್ದೆ. ಇಳಿಯುವಾಗ ಡ್ರೈವರ್ ನನ್ನ ಎರಡು ಪೆಟ್ಟಿಗೆಗಳನ್ನು ಕೆಳಗಿಟ್ಟು, "ಟೋರ್ನೆಬೆಕ್ ದೊಡ್ಡಮನೆಗಾ? ಅಲ್ಲೀಗ ಯಾರೂ ಇಲ್ವಲ್ಲ" ಎಂದ. "ಇನ್ಮೇಲೆ ನಾನಿರ್ತೀನಿ" ಎಂದೆ. ನನ್ನ ಮುಖವನ್ನೊಮ್ಮೆ, ಪೆಟ್ಟಿಗೆಗಳನ್ನೊಮ್ಮೆ ನೋಡಿ ಬಾಗಿಲು ಎಳೆದುಕೊಂಡ.

ಲಿಂಡೆನ್ ಮರಗಳ ಸಾಲಿನ ಕೊನೆಗೆ ಮನೆ. ಮೂರು ಕಡೆ ಕಟ್ಟಡ, ನಡುವೆ ಅಂಗಳ, ಸುತ್ತ ಹೆಪ್ಪುಗಟ್ಟಿದ ಕಂದಕ. ಕಡೆಯ ಒಡತಿ ತೀರಿಕೊಂಡು ಎರಡು ವರ್ಷವಾಯಿತಂತೆ. ವಾರಸುದಾರರಿಗೆ ಹೊಲ ಬೇಕಿತ್ತು, ಮನೆ ಬೇಕಿರಲಿಲ್ಲ. ಇನ್ನೇನು ಕೆಡವಬೇಕು ಎನ್ನುವಾಗ ಒಂದು ಪ್ರತಿಷ್ಠಾನ ಕೊಂಡುಕೊಂಡಿತು. ಜೂನ್ ಐದಕ್ಕೆ ಜನರಿಗೆ ತೆರೆಯಬೇಕು. ಅಷ್ಟರೊಳಗೆ ಮಹಡಿಯ ಹಜಾರದ ನಾಲ್ಕು ಗೋಡೆಗಳ ಮರದ ಹಲಗೆಗಳಿಂದ ಇನ್ನೂರು ವರ್ಷದ ಬಣ್ಣಗಳನ್ನೆಲ್ಲ ಬಿಡಿಸಿ, ೧೭೭೨ರಲ್ಲಿ ಹಚ್ಚಿದ ಮೊದಲ ಬಣ್ಣವನ್ನು ಹೊರಗೆ ತರುವುದು ನನ್ನ ಕೆಲಸ.

ಮಲಗಲು ಅಡುಗೆಮನೆಯ ಪಕ್ಕದ ಕೋಣೆ ಕೊಟ್ಟಿದ್ದಾರೆ. ಇಡೀ ಮನೆಯಲ್ಲಿ ಅಲ್ಲೊಂದೇ ಒಲೆ ಉರಿಯುತ್ತದೆ. ಉಳಿದ ನಲವತ್ತು ಕೋಣೆಗಳು ಕತ್ತಲು ಮತ್ತು ಚಳಿ.

ದಿನಚರಿ ಬರೆಯುವ ಅಭ್ಯಾಸ ನನಗಿಲ್ಲ. ಅಮ್ಮ ಇದ್ದಾಗ ಸಂಜೆ ಮನೆಗೆ ಹೋಗಿ ದಿನದ ಸುದ್ದಿ ಹೇಳುತ್ತಿದ್ದೆ. ಕೇಳಿಸಿಕೊಳ್ಳುತ್ತಿದ್ದಳೋ ಇಲ್ಲವೋ, ಹೇಳಲು ಒಂದು ಜೀವ ಇತ್ತು. ನವೆಂಬರಿನಲ್ಲಿ ಅವಳು ಹೋದಳು. ಕೋಪನ್‌ಹೇಗನ್ನಿನ ಮನೆಯ ಕೀಲಿಯನ್ನು ಡಿಸೆಂಬರಿನಲ್ಲಿ ಮಾಲೀಕರಿಗೆ ಒಪ್ಪಿಸಿದೆ. ಈಗ ಈ ಪುಸ್ತಕ.

೧೭ ಜನವರಿ

ಹೆಬ್ಬಾಗಿಲ ಪಕ್ಕದ ಸಣ್ಣ ಮನೆಯಲ್ಲಿ ಫ್ರೂ ಕ್ಲೌಸೆನ್ ಎಂಬ ವಿಧವೆ ಇದ್ದಾರೆ. ಅರವತ್ತೆಂಟು ವರ್ಷ. ಮೂವತ್ತು ವರ್ಷ ಈ ಮನೆಯ ಅಡುಗೆಯವರಾಗಿದ್ದರು, ಈಗ ಕೀಲಿಗೊಂಚಲು ಅವರ ಬಳಿ ಇದೆ. ಬಾಯಲ್ಲಿ ಸದಾ ಒಂದು ಸಣ್ಣ ಚುಟ್ಟ. ಇವತ್ತು ಹಳದಿ ಬಟಾಣಿ ಸಾರಿನ ಪಾತ್ರೆ ಹಿಡಿದು ಅಡುಗೆಮನೆ ಬಾಗಿಲಿಗೆ ಬಂದರು.

"ಹೆಸ್ರೇನು?"

"ರಿಗ್ಮೋರ್ ಹ್ವಾಸ್."

"ಫ್ರೋಕನ್ನೋ, ಫ್ರೂನೋ?"

"ಫ್ರೋಕನ್. ಮದುವೆ ಆಗಿಲ್ಲ."

"ಹಂಗಾದ್ರೆ ಒಂದೇ ಬಟ್ಟಲು ಸಾಕು. ರಾಜಧಾನಿಯೋರು ಇದನ್ನ ತಿಂತೀರೋ ಇಲ್ವೋ."

"ತಿಂತೀವಿ."

"ಮೈ ನೋಡಿದ್ರೆ ಏನನ್ನಾದ್ರೂ ತಿನ್ನೋ ಹಂಗೆ ಕಾಣಲ್ಲ."

ಹಜಾರ ತೋರಿಸುತ್ತೇನೆ, ಮೇಲೆ ಬನ್ನಿ ಎಂದೆ. ಮಂಡಿನೋವು, ಮೆಟ್ಟಿಲು ಹತ್ತಲಾಗುವುದಿಲ್ಲ ಎಂದರು. ಆಮೇಲೆ ಕಿಟಕಿಯಿಂದ ನೋಡಿದರೆ ಮಂಜಿನ ಮೇಲೆ ಸೈಕಲ್ ತುಳಿದುಕೊಂಡು ಊರಿನ ಕಡೆ ಹೊರಟಿದ್ದರು.

೨೩ ಜನವರಿ

ನಾಲ್ಕು ದಿನದಿಂದ ಯಾರ ಜೊತೆಗೂ ಮಾತಿಲ್ಲ. ಇವತ್ತು ಬೆರಳು ಕುಯ್ದುಕೊಂಡು "ಅಯ್ಯೋ" ಎಂದೆ. ನನ್ನ ದನಿ ತುಕ್ಕು ಹಿಡಿದ ತಿರುಗಣಿಯ ಹಾಗಿತ್ತು. ಹಜಾರ ಅದನ್ನು ಎರಡು ಸಲ ತಿರುಗಿ ಹೇಳಿತು.

ಆದರೆ ಕೆಲಸ ಚೆನ್ನಾಗಿ ಸಾಗಿದೆ. ಎಲ್ಲಕ್ಕಿಂತ ಮೇಲಿರುವುದು ೧೯೫೦ರಲ್ಲಿ ಬಳಿದ ಅಗ್ಗದ ಬಿಳಿ. ಅದು ಹುರುಪೆ ಹುರುಪೆಯಾಗಿ ತಾನೇ ಏಳುತ್ತದೆ. ಅದರ ಕೆಳಗೆ ಅಜ್ಜಂದಿರ ಕಾಲದ ಬೂದು, ಕಲ್ಲಿನಂತೆ ಗಟ್ಟಿ. ಅದರ ಕೆಳಗೆ ಇನ್ನೂ ಎರಡು ಮೂರು ಪದರ, ಕಟ್ಟಕಡೆಗೆ ಆ ನೀಲಿ. ಬಾತುಕೋಳಿ ಮೊಟ್ಟೆಯ ನೀಲಿ. ಪೂರ್ವದ ಗೋಡೆಯಲ್ಲಿ ಅಂಗೈಯಗಲ ಜಾಗ ತೆರೆದಾಗ ಅದನ್ನು ಯಾರಿಗಾದರೂ ತೋರಿಸಬೇಕೆನಿಸಿತು. ಮತ್ತೆ ಚೂರಿ ಕೈಗೆತ್ತಿಕೊಂಡೆ.

ಊಟ ನಿಂತುಕೊಂಡೇ ಮಾಡುತ್ತೇನೆ. ಕುಳಿತರೆ ಎದುರಿನ ಕುರ್ಚಿ ಕಾಣುತ್ತದೆ.

೩೦ ಜನವರಿ

ಕಿಟಕಿ ಬದಿಯ ಗೋಡೆಗೆ ಬಂದೆ. ಬಿಳಿ ಹುರುಪೆ ತೆಗೆಯುತ್ತಿದ್ದಂತೆ ಕೆಳಗಿನ ಬೂದು ಬಣ್ಣದ ಮೇಲೆ ಪೆನ್ಸಿಲ್ ಗೀಟುಗಳು. ಹೆಸರುಗಳು. ಎಲ್ಲ ನನ್ನ ಸೊಂಟಕ್ಕಿಂತ ಕೆಳಗೆ. ಬರಹ ಜರ್ಮನ್.

ಸಂಜೆ ಫ್ರೂ ಕ್ಲೌಸೆನ್ ರೊಟ್ಟಿ ತಂದಾಗ ಕೇಳಿದೆ.

"ಜರ್ಮನ್ ನಿರಾಶ್ರಿತರು ಕಣ್ರೀ. ಯುದ್ಧ ಮುಗಿಯೋ ಹೊತ್ತಿಗೆ ರಷ್ಯದ ಸೈನ್ಯಕ್ಕೆ ಹೆದರಿ ಹಡಗಲ್ಲಿ ಬಂದಿದ್ರಲ್ಲ, ಲಕ್ಷಗಟ್ಟಲೆ. ಹೆಂಗಸ್ರು, ಮಕ್ಳು. ಮೇಲೆ ಹುಲ್ಲು ಹಾಸಿ ಮಲಗ್ಸಿದ್ರು. ಒಂದೂವರೆ ವರ್ಷ ಇದ್ರು."

"ನೀವು ಆಗ ಇಲ್ಲೇ ಇದ್ರಾ?"

"ರೊಟ್ಟಿ ಆರಿಹೋಗತ್ತೆ, ತಿನ್ನಿ" ಎಂದು ಹೊರಟುಬಿಟ್ಟರು.

ಈ ಮನೆಗೂ ಅವರಿಗೂ ಸಂಬಂಧವಿಲ್ಲ. ಸೋಮವಾರ ಕೆರೆಯಲು ಶುರುಮಾಡುತ್ತೇನೆ.

೩ ಫೆಬ್ರವರಿ

ಎಡಗಡೆಯ ಮೊದಲ ಹಲಗೆ ಮುಗಿಯಿತು. ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ. ಏನು ಬರೆದಿತ್ತೆಂದು ಓದಲಿಲ್ಲ. ಓದುವುದು ನನ್ನ ಕೆಲಸವಲ್ಲ. ನೀಲಿ ಚೆನ್ನಾಗಿ ಉಳಿದಿದೆ.

ಕೈ ನೋಯುತ್ತಿದೆ. ಊಟ ಬೇಡವೆನಿಸಿತು.

೫ ಫೆಬ್ರವರಿ

ಎರಡು ದಿನದಿಂದ ಮತ್ತೆ ಪೂರ್ವದ ಗೋಡೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಕಿಟಕಿ ಬದಿಯಲ್ಲಿ ಬೆಳಕು ಸರಿಯಾಗಿಲ್ಲ.

ಅದು ಸುಳ್ಳು. ಕಿಟಕಿ ಬದಿಯಲ್ಲಿ ಬೆಳಕು ಸರಿಯಾಗಿಯೇ ಇದೆ. ನನಗಾಗಿ ಬರೆಯುವ ಪುಸ್ತಕದಲ್ಲೂ ಸುಳ್ಳು ಬರೆದರೆ ಹೇಗೆ.

ನಮ್ಮ ದೇಶ ಜರ್ಮನ್ನರ ವಶದಲ್ಲಿದ್ದಾಗ, ೧೯೪೪ರ ಅಕ್ಟೋಬರಿನಲ್ಲಿ, ಅವರು ನನ್ನ ತಮ್ಮನನ್ನು ಹಿಡಿದುಕೊಂಡು ಹೋದರು. ಕಾನೂನುಬಾಹಿರ ಪತ್ರಿಕೆ ಹಂಚುತ್ತಿದ್ದ. ಅವನಿಗೆ ಹತ್ತೊಂಬತ್ತು. ಜರ್ಮನಿಯ ಶಿಬಿರದಿಂದ ಒಂದು ಅಂಚೆ ಕಾರ್ಡು ಬಂತು, ಮಾರ್ಚಿಯಲ್ಲಿ ಇನ್ನೊಬ್ಬರ ಬರಹದಲ್ಲಿ ಒಂದು ಸಾಲು ಬಂತು. ಹೂಳಿದ್ದು ಎಲ್ಲಿ ಎಂದು ಯಾರಿಗೂ ಗೊತ್ತಿಲ್ಲ. ಅಂದೇ ಅಮ್ಮ ನನ್ನ ಶಾಲೆಯ ಜರ್ಮನ್ ಪುಸ್ತಕಗಳನ್ನು ಒಲೆಗೆ ಹಾಕಿದಳು. ಅವನ ಹೆಸರನ್ನು ಮನೆಯಲ್ಲಿ ಆಮೇಲೆ ಯಾರೂ ಎತ್ತಲಿಲ್ಲ. ಇಪ್ಪತ್ತನಾಲ್ಕು ವರ್ಷ ಅಮ್ಮನೂ ನಾನೂ ಅದರ ಸುತ್ತ ಸುತ್ತಿಕೊಂಡು ಮಾತಾಡಿದೆವು.

ಆ ಹೆಸರನ್ನು ಇಲ್ಲಿ ಕೂಡ ಬರೆಯಲಿಲ್ಲ, ಈಗ ಗಮನಿಸಿದೆ.

೧೩ ಫೆಬ್ರವರಿ

ಮೂರು ದಿನದಿಂದ ಹಿಮಗಾಳಿ. ರಸ್ತೆ ಮುಚ್ಚಿದೆ, ಟೆಲಿಫೋನ್ ಸತ್ತಿದೆ, ಹೆಬ್ಬಾಗಿಲೇ ಕಾಣುವುದಿಲ್ಲ. ಅಂಗಳದಲ್ಲಿ ಎದೆಯವರೆಗೆ ಹಿಮ. ಒಣ ರೊಟ್ಟಿಯನ್ನು ಬಿಯರಿನಲ್ಲಿ ನೆನೆಸಿ ಗಂಜಿ ಕುದಿಸಿಕೊಂಡೆ.

ಮಾಡಲು ಬೇರೇನೂ ಇಲ್ಲದೆ ಕಿಟಕಿ ಬದಿಯ ಗೋಡೆಯ ಬಿಳಿ ಹುರುಪೆಗಳನ್ನೆಲ್ಲ ಮೃದುವಾದ ಕುಂಚದಿಂದ ಉದುರಿಸಿದೆ. ಬೂದು ಪದರವನ್ನು ಮುಟ್ಟಲಿಲ್ಲ. ನೆಲದ ಮೇಲೆ ಕಂಬಳಿ ಹಾಸಿ, ಮಲಗಿಕೊಂಡು ಭೂತಗನ್ನಡಿ ಹಿಡಿದು ಓದಿದೆ. ಅಷ್ಟು ಕೆಳಗೆ ಬರೆದಿದ್ದಾರೆ.

ಅವರು ಮಕ್ಕಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಎತ್ತರ ಗುರುತು ಮಾಡಿದ್ದಾರೆ. ಪ್ರತಿ ಗೀಟಿನ ಪಕ್ಕ ಹೆಸರು, ತಿಂಗಳು. ಹೊರ್ಸ್ಟ್, ಎರ್ನಾ, ಗುಂಡೆಲ್, ಇನ್ನೊಬ್ಬ ಹೊರ್ಸ್ಟ್. ೧೯೪೫ರ ಜುಲೈಯಿಂದ ಮರುವರ್ಷದ ಸೆಪ್ಟೆಂಬರಿನವರೆಗೆ. ಎರ್ನಾ ಒಂದು ವರ್ಷದಲ್ಲಿ ನಾಲ್ಕು ಬೆರಳು ಎತ್ತರವಾಗಿದ್ದಾಳೆ. ಲೀಸಲ್ ಎಂಬವಳಿಗೆ ಜುಲೈ, ಅಕ್ಟೋಬರ್, ಡಿಸೆಂಬರ್, ಜನವರಿ ಎಂದು ನಾಲ್ಕು ಗೀಟುಗಳಿವೆ. ನಾಲ್ಕೂ ಒಂದರ ಮೇಲೊಂದು ಬಿದ್ದು ಒಂದೇ ದಪ್ಪ ಗೀಟಾಗಿವೆ. ಜನವರಿಯ ನಂತರ ಲೀಸಲ್ ಇಲ್ಲ.

ಒಟ್ಟು ಮೂವತ್ತೊಂದು ಮಕ್ಕಳು. ನಾನು ಕೆರೆದ ಮೊದಲ ಹಲಗೆಯಲ್ಲಿ ಎಷ್ಟು ಮಂದಿ ಇದ್ದರೋ ನನಗೆ ಗೊತ್ತಿಲ್ಲ.

೧೬ ಫೆಬ್ರವರಿ

ಇವತ್ತು ಹತ್ತು ಗಂಟೆಗೆ ಅಂಗಳದಲ್ಲಿ ಏನೋ ಸದ್ದಾಯಿತು. ಫ್ರೂ ಕ್ಲೌಸೆನ್ ತಮ್ಮ ಮನೆಯಿಂದ ಇಲ್ಲಿಯವರೆಗೆ ಸನಿಕೆಯಿಂದ ಹಿಮ ಬಗೆದು ದಾರಿ ಮಾಡಿಕೊಂಡು ಬಂದಿದ್ದರು. ಮುಖ ಕೆಂಪಾಗಿತ್ತು.

"ಬದುಕಿದೀರಾ? ಹೊಗೆಕೊಳವೇಲಿ ಎರಡು ದಿನದಿಂದ ಸರಿಯಾಗಿ ಹೊಗೆ ಕಾಣ್ಲಿಲ್ಲ. ಹೋಗಿಬಿಟ್ರೇನೋ, ಇನ್ನು ಪೊಲೀಸ್ರಿಗೆ ಕಾಫಿ ಬೇರೆ ಮಾಡಿಕೊಡ್ಬೇಕು ಅಂದ್ಕೊಂಡೆ."

ಕುಳಿತರು. ನಾನೂ ಕುಳಿತೆ. ಗೋಡೆಯ ಮೇಲೆ ಓದಿದ್ದನ್ನು ಹೇಳಿದೆ. ಲೀಸಲ್ ವಿಷಯ ಹೇಳುವಾಗ ಅವರು ಚುಟ್ಟ ಆರಿಸಿ ಜೇಬಿಗೆ ಹಾಕಿಕೊಂಡರು.

"ಹೆಸ್ರೆಲ್ಲ ನಮಗೆ ಗೊತ್ತಿರ್ಲಿಲ್ಲ" ಎಂದರು. "ಮಾತಾಡ್ಸೋ ಹಾಗಿರ್ಲಿಲ್ಲ, ಆರ್ಡರ್ ಆಗಿತ್ತು. ಬಾಗಿಲಲ್ಲಿ ಕಾವಲು. ನಾನು ಇದೇ ಒಲೇಲಿ ಅವ್ರಿಗೆ ಗೆಡ್ಡೆ ಸಾರು ಬೇಯ್ಸಿ, ಅಗೋ ಆ ಸಣ್ಣ ಕಿಂಡೀಲಿ ಬಕೆಟ್ ಇಡ್ತಿದ್ದೆ. ಅವ್ರು ತಗೊಂಡು ಹೋಗೋರು. ಮುಖ ನೋಡ್ತಿರ್ಲಿಲ್ಲ. ನೋಡ್ಬಾರ್ದು ಅಂತಲ್ಲ. ನೋಡಕ್ಕೆ ಇಷ್ಟ ಇರ್ಲಿಲ್ಲ. ಐದು ವರ್ಷ ಅವ್ರ ಬೂಟು ನೋಡಿ ಸಾಕಾಗಿತ್ತು."

ನಾನು ಒಲೆಗೆ ಒಂದು ಸೌದೆ ಹಾಕಿದೆ.

"ಆ ಚಳಿಗಾಲದಲ್ಲಿ ಒಂದಿನ ಬೆಳಿಗ್ಗೆ ಒಬ್ಳು ಹೊತ್ತಿಗೆ ಮುಂಚೆ ಬಂದ್ಲು. ಒಬ್ಳೇ. ಕೈಲಿ ಬಕೆಟ್ ಇಲ್ಲ, ಒಂದು ಲೋಟ. ಕಿಂಡಿಯೊಳಗೆ ಲೋಟ ಚಾಚಿ ಒಂದೇ ಮಾತು ಅಂದ್ಲು. 'ಮಿಲ್ಶ್.' ನಮ್ಮ ಭಾಷೇಲೂ ಹಾಲಿಗೆ ಹೆಚ್ಚು ಕಡಿಮೆ ಹಂಗೇ ಅಲ್ವಾ ಅನ್ನೋದು? ಹಸುಗೂಸಿಗೂ ಅರ್ಥ ಆಗತ್ತೆ. ನಾನು ಅರ್ಥ ಆಗ್ದಿರೋಳ ಥರ ನಿಂತೆ. ನನ್ನ ಬೆನ್ನ ಹಿಂದೆ ಕ್ಯಾನು ತುಂಬ ಹಾಲಿತ್ತು ಕಣ್ರೀ. ಬೆಣ್ಣೆ ತೆಗೆದು ಹಂದಿಗಳಿಗೆ ಅಂತ ಇಟ್ಟಿದ್ದ ಹಾಲು. ಕಾವಲಿನೋನು ಆ ಕಡೆ ಹೋಗಿದ್ದ. ಯಾರೂ ನೋಡ್ತಿರ್ಲಿಲ್ಲ."

"ಆಮೇಲೆ?"

"ಕಿಂಡಿ ಮುಚ್ಚಿದೆ."

ಒಲೆಯಲ್ಲಿ ಸೌದೆ ಕುಸಿದು ಕಿಡಿ ಹಾರಿತು. ಅವರು ಎದ್ದು ಅದನ್ನು ಸರಿಮಾಡಿದರು, ಮೂವತ್ತು ವರ್ಷದ ಅಭ್ಯಾಸ.

"ಐದಾರು ದಿನ ಬಿಟ್ಟು ಕೈಗಾಡೀಲಿ ಒಂದು ಪೆಟ್ಟಿಗೆ ಹೋಯ್ತು. ಚಿಕ್ಕದು. ಅವಳ ಮಗೂನೋ ಬೇರೆಯವ್ರದೋ ಗೊತ್ತಿಲ್ಲ. ಆ ವರ್ಷ ಬೇಕಾದಷ್ಟು ಪೆಟ್ಟಿಗೆ ಹೋದ್ವು. ನನ್ನ ಗಂಡ ಸಾಯೋವರ್ಗೂ ಅವನಿಗೂ ಹೇಳ್ಲಿಲ್ಲ. ನಿಮಗ್ಯಾಕೆ ಹೇಳಿದ್ನೋ."

ಸಮಾಧಾನದ ಮಾತು ನನಗೆ ಬರುವುದಿಲ್ಲ. ನಾನು ಕೆರೆದುಹಾಕಿದ ಹಲಗೆಯ ವಿಷಯ ಹೇಳಿದೆ. ಅವರು ತಲೆಯಾಡಿಸಿದರು. ಹೋಗುವಾಗ, "ನಾಳೆ ಸೌದೆ ತಂದಾಕ್ತೀನಿ, ಇದು ಸಾಲಲ್ಲ" ಎಂದರು.

೬ ಮಾರ್ಚಿ

ವಾಸ್ತುಶಿಲ್ಪಿ ಕ್ರಾಗ್ ಬಂದಿದ್ದರು. ಪ್ರತಿಷ್ಠಾನದ ಪರವಾಗಿ ಇಡೀ ಕೆಲಸದ ಉಸ್ತುವಾರಿ ಅವರದು. ಒಳ್ಳೆಯ ಮನುಷ್ಯ, ಒಳ್ಳೆಯ ಕೋಟು. ಪೂರ್ವದ ಗೋಡೆಯ ನೀಲಿ ನೋಡಿ ಟೋಪಿ ತೆಗೆದರು. ಆಮೇಲೆ ಕಿಟಕಿಯ ಕಡೆ ತಿರುಗಿದರು.

"ಇದೇನು, ಹೀಗೇ ಬಿಟ್ಟಿದೀರಲ್ಲ?"

"ಬೂದು ಪದರದ ಮೇಲೆ ಬರಹ ಇದೆ. ೧೯೪೫ರದು."

ಬಗ್ಗಿ ನೋಡಿದರು. "ಪಾಪ" ಎಂದರು. ಆಮೇಲೆ, "ಒಂದು ಫೋಟೋ ತೆಗೆದಿಟ್ಟುಕೊಂಡು ಮುಂದುವರಿಸಿ. ಜನ ಇಲ್ಲಿಗೆ ಬರೋದು ೧೭೭೨ ನೋಡೋಕೆ. ಮೂರು ಗೋಡೆ ನೀಲಿ, ಒಂದು ಗೋಡೆ ಕೊಳಕು ಬೂದು ಅಂದ್ರೆ ನಗ್ತಾರೆ."

"ಬಣ್ಣ ಬಹಳ ಗಟ್ಟಿಯಾಗಿ ಅಂಟಿಕೊಂಡಿದೆ. ಸಮಯ ಹಿಡಿಯತ್ತೆ" ಎಂದೆ. ಸುಳ್ಳು. ಮೊದಲ ಹಲಗೆ ಒಂದೇ ದಿನದಲ್ಲಿ ಮುಗಿದಿತ್ತು.

ಅವರು ಕೈಗವಸು ಹಾಕಿಕೊಳ್ಳುತ್ತ ಮೆಲ್ಲಗೆ ಹೇಳಿದರು: "ಫ್ರೋಕನ್ ಹ್ವಾಸ್, ನಿಮ್ಮ ತಮ್ಮನ ವಿಷಯ ನನಗೆ ಗೊತ್ತು. ಬೇರೆ ಯಾರಾದ್ರೂ ಆಗಿದ್ರೆ ಅರ್ಥ ಮಾಡ್ಕೋಬಹುದಿತ್ತು. ನೀವು ಇದರ ಪರ ನಿಲ್ತೀರಾ?"

ಯಾವುದರ ಪರವೂ ನಾನು ನಿಂತಿಲ್ಲ. ಕೆಲಸ ತಡವಾಗಿದೆ, ಅಷ್ಟೆ.

೧೬ ಮಾರ್ಚಿ, ಭಾನುವಾರ

ಫ್ರೂ ಕ್ಲೌಸೆನ್ ಇವತ್ತು ಚರ್ಚಿನ ಸ್ಮಶಾನಕ್ಕೆ ಕರೆದುಕೊಂಡು ಹೋದರು. ಉತ್ತರದ ಗೋಡೆಯ ಪಕ್ಕ ಆ ಪೆಟ್ಟಿಗೆಗಳನ್ನು ಹೂಳಿದ್ದರಂತೆ. ಹೋಗಿ ನೋಡಿದರೆ ಬರಿಯ ಹುಲ್ಲು. ಕಸ ಗುಡಿಸುತ್ತಿದ್ದ ಸ್ಮಶಾನದ ಕೆಲಸಗಾರನನ್ನು ಅವರು ಗದರಿಸಿಯೇ ಕೇಳಿದರು: "ಎಲ್ಲಿ ಹೋದ್ವು?"

"ಐದು ವರ್ಷ ಆಯ್ತಲ್ಲ, ಎಲ್ಲಾನೂ ಅಗೆದು ಬೇರೆ ಊರಿನ ದೊಡ್ಡ ಸ್ಮಶಾನಕ್ಕೆ ಸಾಗ್ಸಿದ್ರು. ಗೋರಿ ನೋಡ್ಕೊಳ್ಳೋರು ಯಾರೂ ಇರ್ಲಿಲ್ಲ."

"ನನಗ್ಯಾಕೆ ಯಾರೂ ಹೇಳ್ಲಿಲ್ಲ?"

"ನಿಮಗ್ಯಾಕೆ ಹೇಳ್ಬೇಕಿತ್ತು?" ಅವನು ನಿಜವಾಗಿಯೂ ತಿಳಿಯದೆ ಕೇಳಿದ.

ಅವರು ಕೋಟಿನೊಳಗೆ ಇಟ್ಟು ತಂದಿದ್ದ ಪುಟ್ಟ ಬಿಳಿ ಹಿಮಹೂಗಳನ್ನು ಹೊರತೆಗೆದರು. ಎಲ್ಲಿ ಇಡುವುದೆಂದು ಗೊತ್ತಾಗದೆ ಹಿಡಿದುಕೊಂಡೇ ಇದ್ದರು. ಕಡೆಗೆ ತಮ್ಮ ಗಂಡನ ಗೋರಿಯ ಮೇಲೆ ಇಟ್ಟರು. ದಾರಿಯಲ್ಲಿ ನನ್ನ ತೋಳು ಹಿಡಿದುಕೊಂಡು ನಡೆದರು. ಈ ಸಲ ಮಂಡಿ ನಿಜವಾಗಿಯೂ ನೋಯುತ್ತಿತ್ತೇನೋ.

ಈ ಊರಿನಲ್ಲಿ ಆ ಮಕ್ಕಳ ಹೆಸರು ಇರುವುದು ಈಗ ಆ ಒಂದು ಗೋಡೆಯ ಮೇಲೆ ಮಾತ್ರ.

೨೭ ಮಾರ್ಚಿ

ಟ್ರೇಸಿಂಗ್ ಪೇಪರಿನ ಮೇಲೆ ಪ್ರತಿ ಗೀಟನ್ನೂ ಪ್ರತಿ ಅಕ್ಷರವನ್ನೂ ನಕಲು ತೆಗೆದೆ. ಹನ್ನೊಂದು ದಿನ ಹಿಡಿಯಿತು. ಇವತ್ತು ಪ್ರತಿಷ್ಠಾನಕ್ಕೆ ಪತ್ರ ಬರೆದೆ: ಆ ಗೋಡೆಯನ್ನು ಮುಟ್ಟಬಾರದೆಂದು ನನ್ನ ಅಭಿಪ್ರಾಯ, ಮುಟ್ಟುವುದಾದರೆ ಬೇರೆಯವರನ್ನು ನೇಮಿಸಿಕೊಳ್ಳಬೇಕು.

ಅಂಚೆಗೆ ಹಾಕಲು ವಾಲ್ಬೋರ್ಗ್ ಕೈಯಲ್ಲಿ ಕೊಟ್ಟೆ. ಫ್ರೂ ಕ್ಲೌಸೆನ್ ಎನ್ನಬೇಡ, ಹೆಸರು ಹಿಡಿದು ಕರಿ ಎಂದಿದ್ದಾಳೆ. ಲಕೋಟೆ ನೋಡಿ, "ಇಷ್ಟು ತೆಳ್ಳಗಿದೆ. ಇನ್ನೂ ನಾಲ್ಕು ಬೈಗುಳ ಹಾಕ್ಬಾರ್ದಾಗಿತ್ತಾ?" ಎಂದಳು.

೬ ಏಪ್ರಿಲ್, ಈಸ್ಟರ್

ವಾಲ್ಬೋರ್ಗ್ ತಂಗಿಯ ಮನೆಗೆ ನಾಕ್ಸ್‌ಕೋವಿಗೆ ಹೋಗಿದ್ದಾಳೆ, ನಾಲ್ಕು ದಿನ. ಚರ್ಚಿನ ಗಂಟೆ ಕಂದಕ ದಾಟಿ ಕೇಳಿಸಿತು. ಒಬ್ಬಳೇ ಇರುವುದು ನನಗೆ ಹೊಸದೇನಲ್ಲ. ಆದರೂ ಇವತ್ತು ಮಧ್ಯಾಹ್ನ ಮೂರು ಸಲ ಹೊರಗೆ ಹೋಗಿ ರಸ್ತೆ ನೋಡಿದೆ. ಹಬ್ಬದ ದಿನ ಬಸ್ಸೇ ಇಲ್ಲ ಎಂಬುದು ಆಮೇಲೆ ನೆನಪಾಯಿತು.

ಮೊಟ್ಟೆ ಬೇಯಿಸಿದೆ. ಎರಡು ಬೇಯಿಸಿಬಿಟ್ಟಿದ್ದೆ.

೯ ಏಪ್ರಿಲ್

ಕ್ರಾಗ್ ಫೋನ್ ಮಾಡಿದ್ದರು. ಇಪ್ಪತ್ತನಾಲ್ಕನೇ ತಾರೀಕು ಆಡಳಿತ ಮಂಡಳಿಯ ಐವರೂ ಬಂದು ನೋಡಿ ತೀರ್ಮಾನಿಸುತ್ತಾರಂತೆ. "ಅಧ್ಯಕ್ಷರು ಬ್ರೋಗೋರ್, ನಿವೃತ್ತ ನ್ಯಾಯಾಧೀಶರು. ಯುದ್ಧದಲ್ಲಿ ಅವರ ಮನೆ ಜರ್ಮನ್ನರು ಸುಟ್ಟಿದ್ರು. ಸುಮ್ಮನೆ ಹೇಳ್ತಿದೀನಿ" ಎಂದರು.

ವಾಲ್ಬೋರ್ಗ್‌ಗೆ ಹೇಳಿದೆ. "ಐದು ಜನಾನಾ? ಹಾಗಾದ್ರೆ ಕೇಕು ಎರಡು ಮಾಡ್ಬೇಕು" ಎಂದಳು.

೨೪ ಏಪ್ರಿಲ್

ಬರೆದುಬಿಡಬೇಕು, ನಾಳೆಗೆ ಮರೆತುಹೋಗುವುದೆಂದಲ್ಲ.

ಹನ್ನೊಂದಕ್ಕೆ ಎರಡು ಕಾರು ಬಂದವು. ನಾಲ್ವರು ಗಂಡಸರು, ಒಬ್ಬ ಹೆಂಗಸು. ನ್ಯಾಯಾಧೀಶ ಬ್ರೋಗೋರ್ ಉದ್ದನೆಯ ಆಳು, ಕೋಲು ಹಿಡಿದು ಬಂದರು. ನನ್ನ ಕೈ ಕುಲುಕಿದರೇ ಹೊರತು ಮಾತಾಡಲಿಲ್ಲ. ಮೂರು ಗೋಡೆಗಳ ನೀಲಿಯನ್ನು ಎಲ್ಲರೂ ಹೊಗಳಿದರು. ಆಮೇಲೆ ಎಲ್ಲರೂ ಕಿಟಕಿಗೆ ಬೆನ್ನು ಮಾಡಿಯೇ ನಿಂತರು.

"ಎಡಗಡೆಯ ಈ ಒಂದು ಹಲಗೆ ಮಾತ್ರ ಯಾಕೆ ನೀಲಿ ಇದೆ?" ನ್ಯಾಯಾಧೀಶರು ಕಡೆಗೆ ಕಿಟಕಿಯ ಕಡೆ ತಿರುಗಿ ಕೋಲಿನಿಂದ ತೋರಿಸಿದರು.

ಕ್ರಾಗ್ ನನಗಿಂತ ಮುಂಚೆ ಬಾಯಿ ತೆರೆದರು: "ಅಲ್ಲಿ ಬರಹ ಇರ್ಲಿಲ್ಲ, ಸರ್."

"ಇತ್ತು" ಎಂದೆ. "ನಾನು ಕೆರೆದುಹಾಕಿದೆ. ಓದದೆ ಕೆರೆದೆ."

"ಯಾಕೆ?"

"ಜರ್ಮನ್ ಅಂತ."

ಆ ಹೆಂಗಸು ಗಂಟಲು ಸರಿಮಾಡಿಕೊಂಡು, "ನೋಡಿ, ಮನಸ್ಸಿಗೆ ನಾಟತ್ತೆ, ಇಲ್ಲ ಅನ್ನಲ್ಲ. ಆದ್ರೆ ಶಾಲೆ ಮಕ್ಕಳು ಬರ್ತಾರೆ. ಇದೇನು ಅಂತ ಕೇಳಿದ್ರೆ ನಾವೇನು ಹೇಳೋದು?" ಎಂದರು.

"ಏನಾಯ್ತೋ ಅದನ್ನ ಹೇಳೋದು."

ಬಾಗಿಲಲ್ಲಿ ವಾಲ್ಬೋರ್ಗ್. ಕಾಫಿಯ ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬಂದಿದ್ದಳು. ನಾನು ಬಂದ ಮೇಲೆ ಅವಳು ಮಹಡಿಗೆ ಬಂದದ್ದು ಇದೇ ಮೊದಲು. ಇಡಲು ಮೇಜಿಲ್ಲದೆ ತಟ್ಟೆಯನ್ನು ನೆಲದ ಮೇಲಿಟ್ಟಳು. ಗೋಡೆಯ ಹತ್ತಿರ ಹೋಗಿ ನಿಂತಳು. ಕಣ್ಣು ಮೊದಲು ತನ್ನ ಮುಖದ ಎತ್ತರದಲ್ಲಿ ಹುಡುಕಿತು. ಆಮೇಲೆ ಎದೆ, ಆಮೇಲೆ ಸೊಂಟ.

"ಇಷ್ಟು ಕೆಳಗಾ?" ಎಂದಳು ನನ್ನ ಕಡೆ ತಿರುಗಿ. "ಇಷ್ಟು ಚಿಕ್ಕೋರಾ ಇದ್ದಿದ್ದು?"

ಆಮೇಲೆ ಆ ಐವರಿಗೂ ಹಾಲಿನ ಕಥೆ ಹೇಳಿದಳು. ಅಡುಗೆಮನೆಯಲ್ಲಿ ನನಗೆ ಹೇಳಿದಂತೆಯೇ, ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ಹಂದಿಗಳನ್ನೂ ಬಿಡಲಿಲ್ಲ. ಮುಗಿಸಿ, "ಕಾಫಿ ಆರ್ತಾ ಇದೆ" ಎಂದು ಲೋಟಗಳಿಗೆ ಸುರಿಯತೊಡಗಿದಳು. ಲೋಟ ತುಂಬಿದರೂ ಸುರಿಯುತ್ತಲೇ ಇದ್ದಳು, ತಟ್ಟೆಯೆಲ್ಲ ಕಾಫಿಯಾಯಿತು. ಕ್ರಾಗ್ ಮಂಡಿಯೂರಿ ಅವಳ ಕೈಯಿಂದ ಕೆಟಲ್ ತೆಗೆದುಕೊಂಡರು.

ನ್ಯಾಯಾಧೀಶರು ಕೋಲಿನ ಮೇಲೆ ಭಾರ ಬಿಟ್ಟು ಬಗ್ಗಿ, ಒಂದೊಂದೇ ಹೆಸರು ಓದಿದರು. ಮೇಲೇಳುವುದಕ್ಕೆ ಬಹಳ ಹೊತ್ತು ಹಿಡಿಯಿತು.

"ನನಗಿದು ಇಷ್ಟವಿಲ್ಲ" ಎಂದರು. "ಈ ಭಾಷೆ ಈ ಮನೆಯಲ್ಲಿ ಇರೋದೇ ಇಷ್ಟವಿಲ್ಲ. ಮುಂದಿನ ಸಲ ಬಂದಾಗಲೂ ಇಷ್ಟ ಆಗಲ್ಲ. ಆದ್ರೆ ನನಗಿಷ್ಟವಿಲ್ಲ ಅನ್ನೋದು ಕೆರೆಯೋದಕ್ಕೆ ಕಾರಣ ಆಗಲ್ಲ."

ಕೆಳಗೆ ಅಡುಗೆಮನೆಯಲ್ಲಿ ಕುಳಿತು ಮತ ಹಾಕಿದರು. ಮೂರು, ಎರಡು. ಗೋಡೆ ಹೇಗಿದೆಯೋ ಹಾಗೇ ಇರುತ್ತದೆ, ನಾನು ಕೆಡಿಸಿದ ಹಲಗೆಯೂ ಸೇರಿ. ಪಕ್ಕದಲ್ಲಿ ಇಡಲು ಒಂದು ಪುಟದ ಬರಹ ನಾನೇ ಬರೆದು ಸಹಿ ಹಾಕಬೇಕು.

ಎರಡು ಕೇಕೂ ಖಾಲಿ.

೨೯ ಏಪ್ರಿಲ್

ಬರಹ ಕಳಿಸಿದ್ದೆ. ಕ್ರಾಗ್ ಫೋನ್ ಮಾಡಿದರು.

"ಎಲ್ಲಾ ಚೆನ್ನಾಗಿದೆ. ಆ ಕಡೆಯ ಸಾಲು ಒಂದು ತೆಗೀರಿ. 'ಮೊದಲ ಹಲಗೆಯ ಹೆಸರುಗಳನ್ನು ನಾನು ಓದದೆ ಅಳಿಸಿದೆ' ಅನ್ನೋದು. ಯಾರು ಕೇಳಿದ್ರು ಅದನ್ನ?"

"ಯಾರೂ ಕೇಳಿಲ್ಲ."

"ನಿಮ್ಮ ಹೆಸರಿನ ಕೆಳಗೆ ಇರತ್ತೆ ರಿಗ್ಮೋರ್. ಬೇರೆ ಕೆಲಸ ಕೊಡೋರು ಓದ್ತಾರೆ. ಮೂವತ್ತು ವರ್ಷ ತಪ್ಪಿಲ್ಲದೆ ಕೆಲಸ ಮಾಡಿದೋರು ನೀವು."

"ಈಗ ಒಂದು ತಪ್ಪಿದೆ. ಬರೀದಿದ್ರೆ ಅಲ್ಲಿ ಮಕ್ಕಳೇ ಇರ್ಲಿಲ್ಲ ಅಂತ ಆಗತ್ತೆ."

ಆ ತುದಿಯಲ್ಲಿ ಉಸಿರು ಬಿಟ್ಟದ್ದು ಕೇಳಿಸಿತು. ಸಾಲು ಉಳಿಯಿತು.

೪ ಮೇ, ಭಾನುವಾರ

ಬಿಡುಗಡೆಯ ಸಂಜೆ, ೧೯೪೫ರಲ್ಲಿ ದೇಶ ಜರ್ಮನ್ನರ ಕೈಯಿಂದ ಬಿಡುಗಡೆಯಾದ ದಿನ. ಕೋಪನ್‌ಹೇಗನ್ನಿನಲ್ಲಿ ಪ್ರತಿ ವರ್ಷ ಈ ದಿನ ನಾನೂ ಅಮ್ಮನೂ ಎಲ್ಲರಂತೆ ಕಿಟಕಿಯಲ್ಲಿ ಮೇಣದಬತ್ತಿ ಹಚ್ಚಿ, ಅದರ ಕಡೆ ನೋಡದೆ ಊಟ ಮಾಡುತ್ತಿದ್ದೆವು. ಇವತ್ತು ಒಂದು ಬತ್ತಿ ತೆಗೆದುಕೊಂಡು ಹಜಾರಕ್ಕೆ ಹೋದೆ. ಅಲ್ಲಿಯ ಕಿಟಕಿಕಟ್ಟೆ ಅಗಲವಾಗಿದೆ, ರಸ್ತೆಗೂ ಕಾಣುತ್ತದೆ, ಅದಕ್ಕೇ ಅಲ್ಲಿಟ್ಟೆ. ಪಕ್ಕದಲ್ಲಿ ಒಂದು ಬಕೆಟ್ ನೀರು. ಹೊರಗೆ ಇನ್ನೂ ಬೆಳಕಿತ್ತು. ಲಿಂಡೆನ್ ಮರಗಳು ಚಿಗುರಿವೆ.

ಮೆಟ್ಟಿಲ ಮೇಲೆ ಏದುಸಿರು. ವಾಲ್ಬೋರ್ಗ್ ಎರಡು ಕುರ್ಚಿಗಳನ್ನು ಒಂದೊಂದಾಗಿ ಹೊತ್ತು ತಂದಳು. ಕೋಟಿನ ಜೇಬಿನಿಂದ ಅವಳದೂ ಒಂದು ಬತ್ತಿ. ನನ್ನದರಿಂದ ಹಚ್ಚಿ ಪಕ್ಕದ ಕಿಟಕಿಯಲ್ಲಿಟ್ಟಳು. ಯಾರಿಗೆಂದು ನಾನು ಕೇಳಲಿಲ್ಲ. ಅವಳು ಕೇಳಿದಳು.

"ನಿಂದು ಯಾರಿಗೆ?"

"ತಮ್ಮನಿಗೆ."

"ಹೆಸ್ರಿಲ್ವೇನೇ ಅವನಿಗೆ?"

"ಪ್ರೆಬೆನ್" ಎಂದೆ. ಹಜಾರ ಖಾಲಿಯಿರುವುದರಿಂದ ಅಲ್ಲಿ ಏನು ಹೇಳಿದರೂ ದೊಡ್ಡದಾಗಿ ಕೇಳಿಸುತ್ತದೆ.

"ಪ್ರೆಬೆನ್" ಎಂದಳು ಅವಳೂ. ಆಮೇಲೆ, "ಎಷ್ಟು ಎತ್ತರ ಇದ್ದ?"

ಯಾರೂ ನನ್ನನ್ನು ಇದನ್ನು ಕೇಳಿರಲಿಲ್ಲ. ಹೇಗೆ ಸತ್ತ, ಯಾವ ಶಿಬಿರ, ಯಾರು ಹಿಡಿದುಕೊಟ್ಟರು ಎಂದು ಕೇಳಿದ್ದಾರೆ. ಎದ್ದು ನಿಂತೆ. ಬಾಗಿಲಲ್ಲಿ ಅವನು ನನ್ನ ಪಕ್ಕದಿಂದ ನುಗ್ಗಿಕೊಂಡು ಹೋಗುವಾಗ ಅವನ ಗಲ್ಲ ನನ್ನ ಹಣೆಗೆ ತಾಗುತ್ತಿತ್ತು. ಹಾಗಾದರೆ ತಲೆ ಇನ್ನೂ ಮೇಲೆ. ಕೈ ಎತ್ತಿದೆ, ಇನ್ನಷ್ಟು ಎತ್ತಿದೆ, ಅಲ್ಲಿ ನಿಲ್ಲಿಸಿದೆ.

"ಇಷ್ಟು" ಎಂದೆ.

ವಾಲ್ಬೋರ್ಗ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಆ ಎತ್ತರಕ್ಕೆ ತಲೆಯೆತ್ತಿ ನೋಡಿದಳು.

"ಉದ್ದದ ಹುಡುಗ" ಎಂದಳು.